ಔಲಿಯ ಹಿಮದ ಇಳಿಜಾರಿಗೆ ಸಂಸಾರ ಸಮೇತ

ಹಿಮಾಲಯವೆಂದೊಡನೆ ನಮ್ಮ ಮನೆಗಳ ಹಿರಿಯರ ಕಣ್ಣ ಮುಂದೆ ನಿಲ್ಲುವುದು ಕೇದಾರ-ಬದರಿಗಳ ಯಾತ್ರೆ. ಅಕ್ಷಯ ತದಿಗೆಯ ಆಸುಪಾಸಿನಲ್ಲಿ ಬಾಗಿಲು ತೆರೆದು, ದೀಪಾವಳಿ ಕಳೆದ ಕೆಲವೇ ದಿನಗಳಲ್ಲಿ ಮುಚ್ಚಿಕೊಳ್ಳುವ ಆ ಕ್ಷೇತ್ರಗಳ ದಾರಿ ನಮ್ಮವರಿಗೆ ಬಹುಕಾಲದಿಂದ ಪರಿಚಿತವಾದುದು. ಆದರೆ ದೇವಾಲಯಗಳ ಬಾಗಿಲು ಮುಚ್ಚಿದ ಮೇಲೆ ಅದೇ ಬೆಟ್ಟಗಳಲ್ಲಿ ಇನ್ನೊಂದು ಋತು ಕಣ್ತೆರೆಯುತ್ತದೆ ಎಂಬುದು ಎಲ್ಲರಿಗೂ ತಿಳಿದಿರಲಾರದು. ಅದು ಹಿಮದ ಋತು. ಕಾಲಿಗೆ ಉದ್ದನೆಯ ಹಲಗೆ ಕಟ್ಟಿಕೊಂಡು, ಕೈಯಲ್ಲಿ ಎರಡು ಕೋಲು ಹಿಡಿದು, ಬಿಳಿಯ ಇಳಿಜಾರಿನಲ್ಲಿ ಜಾರುತ್ತ ಇಳಿಯುವ ಸ್ಕೀ ಆಟದ ಋತು.

ಇತ್ತೀಚಿನ ವರ್ಷಗಳಲ್ಲಿ ಮಕ್ಕಳು ಈ ಆಟವನ್ನು ಪರದೆಯ ಮೇಲೆ ಕಂಡು, ‘ನಾವೂ ಹೋಗೋಣ’ ಎಂದು ಹಟ ಹಿಡಿಯುವುದು ಹೆಚ್ಚಾಗಿದೆ. ಮನೆಯ ಯಜಮಾನರು ಖರ್ಚಿನ ಲೆಕ್ಕ ಹಾಕುತ್ತಾರೆ. ಅಜ್ಜಿಯಾದವರು, “ಜಾರಿ ಬೀಳಾಕ ಅಷ್ಟು ದೂರ ಹೋಗಬೇಕೇನವ್ವಾ? ನಮ್ಮ ಹಿತ್ತಲದಾಗಿನ ಪಾಚಿಗಟ್ಟಿದ ಕಲ್ಲು ಸಾಲದೇನು?” ಎಂದು ನಗುತ್ತಾರೆ. ಮಕ್ಕಳ ಉತ್ಸಾಹ, ಯಜಮಾನರ ಲೆಕ್ಕ, ಅಜ್ಜಿಯ ವಿವೇಕ ಈ ಮೂರನ್ನೂ ಒಂದೆಡೆ ಕೂಡಿಸಿ ಪ್ರವಾಸವನ್ನು ಹೊಂದಿಸುವ ಹೊಣೆ ಸಾಮಾನ್ಯವಾಗಿ ಮನೆಯ ಗೃಹಿಣಿಯ ಮೇಲೆಯೇ ಬೀಳುತ್ತದೆ. ಅಂಥವರಿಗಾಗಿ ಗಢವಾಲದ ಔಲಿ ಎಂಬ ತಾಣವನ್ನು ಕುರಿತು ನಾಲ್ಕು ಮಾತು.

ಎಲ್ಲಿದೆ ಔಲಿ?

ಉತ್ತರಾಖಂಡದ ಚಮೋಲಿ ಜಿಲ್ಲೆಯಲ್ಲಿ, ಬದರಿನಾಥಕ್ಕೆ ಹೋಗುವ ಹೆದ್ದಾರಿಯ ಮೇಲೆ ಜೋಶೀಮಠವೆಂಬ ಪಟ್ಟಣವಿದೆ. ಆದಿ ಶಂಕರಾಚಾರ್ಯರ ಉತ್ತರಾಮ್ನಾಯ ಪೀಠವಿರುವುದು ಇಲ್ಲಿಯೇ. 2024ರಿಂದ ಈ ಊರಿಗೆ ಜ್ಯೋತಿರ್ಮಠವೆಂಬ ಹಳೆಯ ಹೆಸರೇ ಅಧಿಕೃತವಾಗಿದೆಯಾದರೂ ಜನರ ಬಾಯಲ್ಲಿ ಇನ್ನೂ ಜೋಶೀಮಠವೇ. ಸಮುದ್ರ ಮಟ್ಟದಿಂದ ಇದರ ಎತ್ತರ ಸುಮಾರು 1,890 ಮೀಟರು. ಅಂದರೆ ನಮ್ಮ ನಾಡಿನ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ನೆತ್ತಿಯಷ್ಟು ಎತ್ತರದಲ್ಲಿ ಒಂದು ಪಟ್ಟಣವೇ ಇದೆಯೆಂದು ಭಾವಿಸಿಕೊಳ್ಳಬೇಕು. ಅದರ ಮೇಲಣ ಬೆಟ್ಟದಲ್ಲಿ, ಸುಮಾರು 2,500 ಮೀಟರಿನಿಂದ 3,000 ಮೀಟರಿಗೂ ಮಿಕ್ಕಿ ಹಬ್ಬಿರುವ ಇಳಿಜಾರೇ ಔಲಿ.

ಬೇಸಿಗೆಯಲ್ಲಿ ಇದು ಹಸುರು ಹುಲ್ಲುಗಾವಲು. ಇಂಥ ಎತ್ತರದ ಹುಲ್ಲುಗಾವಲನ್ನು ಗಢವಾಲದವರು ‘ಬುಗ್ಯಾಲ್’ ಎನ್ನುತ್ತಾರೆ. ಚಳಿಗಾಲದಲ್ಲಿ ಹಿಮ ಬಿದ್ದಾಗ ಸುತ್ತ ದೇವದಾರು, ಓಕ್ ಮರಗಳ ಕಾಡು. ನಡುವೆ ಹಾಸಿದ ಬಿಳಿಯ ಜಮಖಾನೆ. ಎದುರಿಗೆ ಆನೆ-ಕುದುರೆಗಳ ಹೆಸರು ಹೊತ್ತ ಹಾಥೀ, ಘೋಡೀ ಪರ್ವತಗಳು, ದ್ರೋಣಗಿರಿ, ಅವುಗಳಾಚೆ 7,816 ಮೀಟರು ಎತ್ತರದ ನಂದಾದೇವಿ. ಸಂಪೂರ್ಣವಾಗಿ ಭಾರತದೊಳಗೇ ಇರುವ ಶಿಖರಗಳಲ್ಲಿ ಇದೇ ಅತ್ಯುನ್ನತ. ಗಢವಾಲ-ಕುಮಾವೂಂ ಸೀಮೆಯ ಜನರಿಗೆ ಇದು ಶಿಖರ ಮಾತ್ರವಲ್ಲ, ಮನೆಮಗಳೆಂದು ಹಾಡಿ ಕರೆಯುವ ದೇವತೆ. ಸ್ಕೀ ಆಡದೆ ಬಿಸಿಲಿನಲ್ಲಿ ಕುಳಿತು ಈ ಶಿಖರಗಳನ್ನು ನೋಡುತ್ತ ಇಡೀ ದಿನ ಕಳೆದರೂ ಬಂದ ಪ್ರಯಾಣ ವ್ಯರ್ಥವೆನಿಸುವುದಿಲ್ಲ.

ಗಡಿ ಕಾಯುವ ಇಂಡೋ-ಟಿಬೆಟನ್ ಗಡಿ ಪೊಲೀಸ್ ಪಡೆಯ ಪರ್ವತಾರೋಹಣ ಹಾಗೂ ಸ್ಕೀ ತರಬೇತಿ ಸಂಸ್ಥೆ ಇಲ್ಲಿದೆ. 2011ರ ಜನವರಿಯಲ್ಲಿ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡೆಗಳು ನಡೆದಾಗ ಸ್ಕೀ ಸ್ಪರ್ಧೆಗಳಿಗೆ ಔಲಿಯೇ ಅಂಗಳವಾಗಿತ್ತು. ಆದರೂ ಈ ಆಟ ಸೈನಿಕರಿಗೂ ಸ್ಪರ್ಧಾಳುಗಳಿಗೂ ಮಾತ್ರ ಮೀಸಲಲ್ಲ; ಕೆಳಗಿನ ಭಾಗದ ಸೌಮ್ಯ ಇಳಿಜಾರುಗಳು ಹೊಸಬರ ಕಲಿಕೆಗೆ ಹೇಳಿ ಮಾಡಿಸಿದಂತಿವೆ.

ಹೋಗುವ ದಾರಿ

ಕರ್ನಾಟಕದಿಂದ ಮೊದಲು ದೆಹಲಿ ಸೇರಬೇಕು. ರೈಲಿನಲ್ಲಿ ಹೋಗುವವರಿಗೆ ಬೆಂಗಳೂರಿನಿಂದ ಹೊರಟು ರಾಯಚೂರು, ಕಲಬುರಗಿಗಳ ಮೇಲೆ ಸಾಗುವ ಕರ್ನಾಟಕ ಎಕ್ಸ್‌ಪ್ರೆಸ್ ಇದೆ. ಬೆಳಗಾವಿಯವರಿಗೆ ಗೋವಾ ಎಕ್ಸ್‌ಪ್ರೆಸ್ ಅನುಕೂಲ. ದೆಹಲಿಯಿಂದ ಹರಿದ್ವಾರ ಅಥವಾ ಹೃಷೀಕೇಶಕ್ಕೆ ರೈಲು, ಬಸ್ಸುಗಳು ಧಾರಾಳವಾಗಿವೆ. ವಿಮಾನದವರು ಡೆಹ್ರಾಡೂನಿನ ಜಾಲಿಗ್ರಾಂಟ್ ನಿಲ್ದಾಣದಲ್ಲಿ ಇಳಿದರೆ ಹೃಷೀಕೇಶ ಹತ್ತಿರ.

ಹೃಷೀಕೇಶದಿಂದ ಜೋಶೀಮಠಕ್ಕೆ ಸುಮಾರು 250 ಕಿಲೋಮೀಟರು. ಬಯಲುಸೀಮೆಯ ನಾವು ಇದನ್ನು ಹುಬ್ಬಳ್ಳಿಯಿಂದ ಹೊರಟು ಮಧ್ಯಾಹ್ನದೊಳಗೆ ಮುಗಿಸುವ ದೂರವೆಂದು ಎಣಿಸಬಾರದು. ನದಿಯ ಅಂಚಿನಲ್ಲೇ ತಿರುಗುತ್ತ ಏರುವ ಈ ಹಾದಿಗೆ ಒಂಬತ್ತು-ಹತ್ತು ಗಂಟೆ ಬೇಕು. ಎಲ್ಲಿಯಾದರೂ ಬೆಟ್ಟ ಕುಸಿದಿದ್ದರೆ ಎಷ್ಟು ಗಂಟೆಯಾದೀತೆಂದು ಹೇಳಲಾಗದು. ಆದ್ದರಿಂದ ಮಕ್ಕಳು-ಮುದುಕರೊಡನೆ ಹೋಗುವವರು ರುದ್ರಪ್ರಯಾಗದಲ್ಲಾಗಲಿ ಪೀಪಲಕೋಟಿಯಲ್ಲಾಗಲಿ ಒಂದು ರಾತ್ರಿ ತಂಗುವುದು ಲೇಸು. ಚಳಿಗಾಲದಲ್ಲಿ ಕಣಿವೆಗಳಲ್ಲಿ ಬೇಗ ಕತ್ತಲಾಗುತ್ತದೆ. ‘ಇನ್ನೊಂದು ತಾಸು ಓಡಿಸಿಬಿಡಪ್ಪಾ’ ಎಂದು ಚಾಲಕನನ್ನು ಒತ್ತಾಯಿಸುವುದು ಮನೆಮಂದಿಯನ್ನೆಲ್ಲ ಅಪಾಯಕ್ಕೆ ಒಡ್ಡಿದಂತೆ.

ದಾರಿಯುದ್ದಕ್ಕೂ ಪ್ರಯಾಗಗಳು. ದೇವಪ್ರಯಾಗದಲ್ಲಿ ಅಲಕನಂದೆ-ಭಾಗೀರಥಿಯರು ಕೂಡಿ ಗಂಗೆಯೆನಿಸುತ್ತಾರೆ. ಮುಂದೆ ರುದ್ರಪ್ರಯಾಗ, ಕರ್ಣಪ್ರಯಾಗ, ನಂದಪ್ರಯಾಗ. ರುದ್ರಪ್ರಯಾಗದಲ್ಲಿ ಮಂದಾಕಿನಿಯ ಗುಂಟ ಕವಲೊಡೆಯುವ ರಸ್ತೆ ಊಖೀಮಠಕ್ಕೆ ಹೋಗುತ್ತದೆ. ಪಂಚಪೀಠಗಳಲ್ಲೊಂದಾದ ಕೇದಾರ ಪೀಠದ ನೆಲೆ ಇದು. ಕೇದಾರನಾಥದ ರಾವಲರು ದಕ್ಷಿಣದ ವೀರಶೈವ ಜಂಗಮ ಪರಂಪರೆಯಿಂದ ಬರುವವರೆಂಬುದು ವಾಚಕರಿಗೆ ತಿಳಿದ ವಿಷಯವೇ. ಹಿಮ ಬಿದ್ದು ಕೇದಾರದ ಬಾಗಿಲು ಮುಚ್ಚಿದಾಗ ಅಲ್ಲಿನ ಉತ್ಸವಮೂರ್ತಿಯನ್ನು ಊಖೀಮಠದ ಓಂಕಾರೇಶ್ವರ ದೇವಾಲಯಕ್ಕೆ ತಂದು ಆರು ತಿಂಗಳು ಪೂಜೆ ನಡೆಸುತ್ತಾರೆ. ಆದುದರಿಂದ ಚಳಿಗಾಲದಲ್ಲಿ ಔಲಿಗೆ ಹೋಗುವ ಕುಟುಂಬದ ಹಿರಿಯರಿಗೆ ಒಂದು ದಿನ ಹೆಚ್ಚಿಗೆ ಇಟ್ಟುಕೊಂಡರೆ ಕೇದಾರೇಶ್ವರನ ದರ್ಶನದ ಭಾಗ್ಯವೂ ಒದಗುತ್ತದೆ. ಊಖೀಮಠದಿಂದ ಚೋಪತಾ ಮೂಲಕ ಚಮೋಲಿಗೆ ಅಡ್ಡದಾರಿಯಿದೆಯಾದರೂ ಹಿಮಗಾಲದಲ್ಲಿ ಅದು ಮುಚ್ಚಿಹೋಗುವುದುಂಟು. ರುದ್ರಪ್ರಯಾಗಕ್ಕೆ ಮರಳಿ ಬರುವುದೇ ಕ್ಷೇಮ.

ಜೋಶೀಮಠದಿಂದ ಔಲಿಗೆ ಸುಮಾರು ನಾಲ್ಕು ಕಿಲೋಮೀಟರು ಉದ್ದದ ತೂಗುತೊಟ್ಟಿಲ ಹಾದಿ, ಅಂದರೆ ರೋಪ್‌ವೇ, ದಶಕಗಳ ಕಾಲ ಪ್ರವಾಸಿಗರ ಆಕರ್ಷಣೆಯಾಗಿತ್ತು. ಭೂಕುಸಿತದ ಕಾರಣದಿಂದ 2023ರ ಜನವರಿಯಲ್ಲಿ ಅದನ್ನು ನಿಲ್ಲಿಸಲಾಯಿತು. ಹಳೆಯ ಪ್ರವಾಸ ಪುಸ್ತಕಗಳನ್ನು ನಂಬಿ ಮಕ್ಕಳಿಗೆ ಅದರ ಆಸೆ ತೋರಿಸುವುದು ಬೇಡ. ಹದಿನೈದು ಕಿಲೋಮೀಟರಿನ ಆಸುಪಾಸಿನ ರಸ್ತೆಯನ್ನೇ ಲೆಕ್ಕಕ್ಕೆ ಹಿಡಿಯಬೇಕು. ಹಿಮ ಗಟ್ಟಿಯಾದಾಗ ಕೊನೆಯ ತಿರುವುಗಳಲ್ಲಿ ಗಾಲಿಗೆ ಸರಪಳಿ ಕಟ್ಟಿಯೇ ವಾಹನ ಓಡಿಸುತ್ತಾರೆ. ಅಲ್ಲಿ ನಮ್ಮ ವಾಹನಕ್ಕಿಂತ ಸ್ಥಳೀಯರ ಜೀಪು ಮೇಲು.

ಯಾವಾಗ ಹೋಗಬೇಕು?

ಇಲ್ಲಿಯೇ ಮೊದಲ ತೊಡಕು. ನಮ್ಮ ಶಾಲೆಗಳಿಗೆ ದೊಡ್ಡ ರಜೆ ಬರುವುದು ದಸರೆಗೆ ಮತ್ತು ಬೇಸಿಗೆಗೆ. ದಸರೆಯಲ್ಲಿ ಔಲಿಯ ಇಳಿಜಾರಿನಲ್ಲಿ ಹಿಮವಿನ್ನೂ ಬಿದ್ದಿರುವುದಿಲ್ಲ. ಮೇ ತಿಂಗಳಲ್ಲಿ ಕರಗಿರುತ್ತದೆ. ಸ್ಕೀಗೆ ತಕ್ಕ ಕಾಲ ಡಿಸೆಂಬರಿನ ಕೊನೆಯಿಂದ ಮಾರ್ಚಿನ ಮೊದಲ ವಾರದವರೆಗೆ. ಅದರಲ್ಲೂ ಜನವರಿಯ ಕೊನೆ ಮತ್ತು ಫೆಬ್ರವರಿ. ಅದು ಪರೀಕ್ಷೆಗಳು ಸಮೀಪಿಸುವ ಕಾಲ. ಎಸ್ಸೆಸ್ಸೆಲ್ಸಿ, ಪಿಯುಸಿ ಓದುವ ಮಕ್ಕಳಿರುವ ಮನೆಯವರು ಆ ವರ್ಷ ಈ ಯೋಚನೆಯನ್ನೇ ಕೈಬಿಡಬೇಕು. ಚಿಕ್ಕ ತರಗತಿಯ ಮಕ್ಕಳಾದರೆ ಶಾಲೆಯವರಿಗೆ ಮುಂಚಿತವಾಗಿ ತಿಳಿಸಿ ಒಂದು ವಾರದ ಬಿಡುವು ಪಡೆಯಬಹುದು.

ಎರಡನೆಯ ತೊಡಕು ಹಿಮದ್ದೇ. ಚಳಿಗಾಲದ ಹಿಮವನ್ನು ತರುವುದು ನಮ್ಮ ಮುಂಗಾರಲ್ಲ. ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಸಾಗಿ ಬರುವ ಪಶ್ಚಿಮದ ವಾಯುಕ್ಷೋಭೆಗಳು. ಅವು ತಡವಾದರೆ, ಬಲಗುಂದಿದರೆ ಇಳಿಜಾರು ಬೋಳಾಗಿಯೇ ಉಳಿಯುತ್ತದೆ. 2023ರ ಫೆಬ್ರವರಿಯಲ್ಲಿ ಔಲಿಯಲ್ಲಿ ನಡೆಯಬೇಕಿದ್ದ ರಾಷ್ಟ್ರಮಟ್ಟದ ಸ್ಕೀ ಸ್ಪರ್ಧೆ ಹಿಮದ ಕೊರತೆಯಿಂದಲೇ ನಡೆಯಲಿಲ್ಲ. ನೀರನ್ನು ಸಿಂಪಡಿಸಿ ಕೃತಕ ಹಿಮ ಮಾಡುವ ಯಂತ್ರಗಳನ್ನೂ ಅದಕ್ಕೆಂದೇ ತೋಡಿದ ಕೊಳವನ್ನೂ ಇಲ್ಲಿ ಏರ್ಪಡಿಸಲಾಗಿದೆಯಾದರೂ ಆ ಯಂತ್ರಗಳಿಗೂ ಶೂನ್ಯಕ್ಕಿಂತ ಕೆಳಗಿನ ಚಳಿ ಬೇಕು. ಬೆಚ್ಚನೆಯ ಚಳಿಗಾಲದಲ್ಲಿ ಅವೂ ನಿರುಪಾಯ. ಕಾಶ್ಮೀರದ ಗುಲ್ಮಾರ್ಗ್‌ನಲ್ಲಿ ತೂಗುತೊಟ್ಟಿಲು ಸುಮಾರು 3,980 ಮೀಟರಿನವರೆಗೂ ಏರುವುದರಿಂದ ಅಲ್ಲಿ ಹಿಮದ ಭರವಸೆ ಹೆಚ್ಚು ಎನ್ನುವವರಿದ್ದಾರೆ. ಅದು ನಿಜವೇ. ಆದರೆ 2024ರ ಜನವರಿಯಲ್ಲಿ ಅಲ್ಲಿಯೂ ನೆಲ ಕಂದಾಗಿ ಕಾಣುತ್ತಿತ್ತು.

ಆದ್ದರಿಂದ ಯೋಜನೆ ಹಾಕುವಾಗ ಎರಡು ಸೂತ್ರ ಪಾಲಿಸಬೇಕು. ಮೊದಲನೆಯದು, ಹಿಮ ಬೀಳದಿದ್ದರೂ ಸಂತೋಷ ಕೊಡುವಂತೆ ಪ್ರವಾಸವನ್ನು ರೂಪಿಸುವುದು: ಊಖೀಮಠದ ದರ್ಶನ, ಜೋಶೀಮಠದ ನರಸಿಂಹ ದೇವಾಲಯ, ಔಲಿಯ ಮೇಲಿನ ಗೋರ್ಸೋಂ ಬುಗ್ಯಾಲಿಗೆ ಕಾಲ್ನಡಿಗೆ. ಎರಡನೆಯದು, ಮರಳಿ ಬರುವ ರೈಲಿಗೂ ಔಲಿ ಬಿಡುವ ದಿನಕ್ಕೂ ನಡುವೆ ಎರಡು ದಿನ ಖಾಲಿ ಇಡುವುದು. ಹಿಮ ಜಾಸ್ತಿ ಬಿದ್ದು ರಸ್ತೆ ಕಟ್ಟಿದರೂ ಆಗ ಎದೆ ಹೊಡೆದುಕೊಳ್ಳುವುದಿಲ್ಲ.

ಎತ್ತರ ಮತ್ತು ಆರೋಗ್ಯ

ಮೂರು ಸಾವಿರ ಮೀಟರು ಎತ್ತರದಲ್ಲಿ ಗಾಳಿಯ ಒತ್ತಡ ಕಡಲತೀರದಲ್ಲಿರುವುದರ ಸುಮಾರು ಶೇಕಡಾ 70ರಷ್ಟು ಮಾತ್ರ. ಪ್ರತಿ ಉಸಿರಿನಲ್ಲೂ ದೊರೆಯುವ ಪ್ರಾಣವಾಯು ಅಷ್ಟು ಕಡಿಮೆ. 2,500 ಮೀಟರಿನಿಂದ ಮೇಲೆ ಕೆಲವರಿಗೆ ತಲೆನೋವು, ವಾಕರಿಕೆ, ನಿದ್ದೆಗೇಡು, ವಿಪರೀತ ಆಯಾಸ ಕಾಣಿಸಿಕೊಳ್ಳುತ್ತವೆ. ಗಟ್ಟಿಮುಟ್ಟಾದ ಹರೆಯದವರಿಗೆ ಇದು ಬಾರದೆಂಬ ನಿಯಮವಿಲ್ಲ. ಆದುದರಿಂದ ಹೃಷೀಕೇಶದಿಂದ ಒಂದೇ ಉಸಿರಿಗೆ ಔಲಿಗೆ ಏರದೆ, ಜೋಶೀಮಠದಲ್ಲಿ ಒಂದು ರಾತ್ರಿಯಾದರೂ ತಂಗಿ ದೇಹವನ್ನು ಒಗ್ಗಿಸಿಕೊಳ್ಳಬೇಕು. ಲಕ್ಷಣಗಳು ಕಂಡರೆ ಮೇಲೆ ಏರಬಾರದು. ಹೆಚ್ಚಾದರೆ ತಡಮಾಡದೆ ಕೆಳಗಿಳಿಯಬೇಕು. ಅದಕ್ಕಿಂತ ಉತ್ತಮ ಮದ್ದಿಲ್ಲ.

ರಕ್ತದೊತ್ತಡ, ಹೃದ್ರೋಗ, ಉಬ್ಬಸವಿರುವ ಹಿರಿಯರು ಹೊರಡುವ ಮುನ್ನ ತಮ್ಮ ವೈದ್ಯರನ್ನು ಕಾಣಲೇಬೇಕು. ಬೇಡವೆಂದು ವೈದ್ಯರು ಹೇಳಿದರೆ ಹಿರಿಯರನ್ನು ಮನೆಯಲ್ಲಿ ಬಿಟ್ಟುಹೋಗುವುದೊಂದೇ ದಾರಿಯಲ್ಲ. ಅವರು ಹರಿದ್ವಾರದಲ್ಲೋ ಹೃಷೀಕೇಶದಲ್ಲೋ ಮನೆಯ ಒಬ್ಬರ ಜೊತೆ ಗಂಗಾತೀರದಲ್ಲಿ ನಾಲ್ಕು ದಿನ ನೆಮ್ಮದಿಯಿಂದಿರಬಹುದು. ಇಡೀ ಕುಟುಂಬ ಒಟ್ಟಿಗೆ ಹೋಗುವುದೆಂದರೆ ಎಲ್ಲರೂ ಒಂದೇ ಎತ್ತರಕ್ಕೆ ಏರಬೇಕೆಂದಲ್ಲ.

ಜಾರುವ ವಿದ್ಯೆಯ ಮೊದಲ ಪಾಠ

ಔಲಿಗೆ ಹೋದ ಅನೇಕರು ಬಾಡಿಗೆಯ ಸ್ಕೀ ತೊಟ್ಟು, ಭಾವಚಿತ್ರ ತೆಗೆಸಿಕೊಂಡು, ಒಂದು ಗಂಟೆಯಲ್ಲಿ ಆಟ ಮುಗಿಯಿತೆಂದು ಮರಳುತ್ತಾರೆ. ಇಷ್ಟು ದೂರ ಹೋಗಿ ಅಷ್ಟಕ್ಕೇ ತೃಪ್ತರಾಗಬೇಕಿಲ್ಲ. ಗಢವಾಲ ಮಂಡಲ ವಿಕಾಸ ನಿಗಮವು ಏಳು ದಿನಗಳ, ಹದಿನಾಲ್ಕು ದಿನಗಳ ತರಬೇತಿ ಶಿಬಿರಗಳನ್ನು ನಡೆಸುತ್ತ ಬಂದಿದೆ. ಅಷ್ಟು ಬಿಡುವಿಲ್ಲದವರು ಪರಿಣತ ಶಿಕ್ಷಕನೊಬ್ಬನನ್ನು ಗೊತ್ತುಮಾಡಿಕೊಂಡು ಮೂರು ದಿನವಾದರೂ ಕಲಿಯಬೇಕು. ಮೊದಲ ದಿನ ಸಮತಟ್ಟಿನಲ್ಲಿ ನಡೆಯುವುದು, ಪಕ್ಕಕ್ಕೆ ಒರಗಿ ಬೀಳುವುದು, ಬಿದ್ದು ಏಳುವುದು. ಬೀಳುವುದನ್ನೂ ಕಲಿಸುತ್ತಾರೆಯೇ ಎಂದು ನಗಬೇಡಿ. ಅದೇ ಮೊದಲ ಪಾಠ. ಆಮೇಲೆ ಎರಡು ಹಲಗೆಗಳ ಮುಂತುದಿಗಳನ್ನು ಹತ್ತಿರ ತಂದು, ಹಿಂತುದಿಗಳನ್ನು ಅಗಲಿಸಿ, ಒಳ ಅಂಚುಗಳನ್ನು ಹಿಮಕ್ಕೆ ಒತ್ತಿ ವೇಗ ತಗ್ಗಿಸುವ ಕ್ರಮ. ನಿಲ್ಲಿಸಲು ಬಾರದವರನ್ನು ಮೇಲಿನ ಇಳಿಜಾರಿಗೆ ಕರೆದೊಯ್ಯುವ ಶಿಕ್ಷಕನನ್ನು ನಂಬಬಾರದು.

ಬಾಡಿಗೆ ಸಾಮಾನು ಪಡೆಯುವಾಗ ತಾಯಂದಿರು ಮುಖ್ಯವಾಗಿ ನೋಡಬೇಕಾದುದು ಬೂಟು ಮತ್ತು ಅದನ್ನು ಹಲಗೆಗೆ ಹಿಡಿದಿಡುವ ಕೊಂಡಿ. ಬಿದ್ದಾಗ ಈ ಕೊಂಡಿ ತಾನಾಗಿ ಕಳಚಿಕೊಂಡು ಕಾಲನ್ನು ಬಿಡಿಸಬೇಕು. ಆಡುವವರ ತೂಕ ಮತ್ತು ಪರಿಣತಿಗೆ ತಕ್ಕಂತೆ ಅದರ ಬಿಗಿಯನ್ನು ಹೊಂದಿಸುತ್ತಾರೆ. ಎಂಟು ವರ್ಷದ ಮಗುವಿಗೆ ದೊಡ್ಡವರ ಬಿಗಿಯನ್ನೇ ಬಿಟ್ಟರೆ ಕೊಂಡಿ ಕಳಚದೆ ಕಾಲು ತಿರುಚಿ ಮೂಳೆ ಮುರಿದೀತು. ‘ಮಗುವಿನ ತೂಕಕ್ಕೆ ಹೊಂದಿಸಿದ್ದೀರಾ?’ ಎಂದು ಸಂಕೋಚವಿಲ್ಲದೆ ಕೇಳಿ. ತಲೆಗೆ ಶಿರಸ್ತ್ರಾಣ ಕಡ್ಡಾಯವೆಂದು ತಿಳಿಯಿರಿ. ಬೂಟಿನೊಳಗೆ ಒಂದೇ ಜೊತೆ ಉಣ್ಣೆಯ ಕಾಲುಚೀಲ ಸಾಕು. ಎರಡು ತೊಟ್ಟರೆ ರಕ್ತಸಂಚಾರ ಕುಂದಿ ಕಾಲು ಇನ್ನಷ್ಟು ತಣ್ಣಗಾಗುತ್ತದೆ.

ಈ ಎಚ್ಚರಿಕೆಗಳಿಗೆ ಕಾರಣವುಂಟು. ದೊಡ್ಡ ಪೆಟ್ಟಾದರೆ ಶ್ರೀನಗರ-ಗಢವಾಲದ ವೈದ್ಯಕೀಯ ಕಾಲೇಜಿಗೋ ಹೃಷೀಕೇಶದ ಏಮ್ಸ್ ಆಸ್ಪತ್ರೆಗೋ ಅದೇ ತಿರುವಿನ ರಸ್ತೆಯಲ್ಲಿ ಇಳಿಯಬೇಕು. ಆರೋಗ್ಯ ವಿಮೆ ಮಾಡಿಸಿದವರು ಅದರಲ್ಲಿ ಸಾಹಸ ಕ್ರೀಡೆಯ ಗಾಯಗಳಿಗೆ ಪರಿಹಾರವಿದೆಯೇ ಎಂದು ಪತ್ರವನ್ನು ಓದಿ ನೋಡಬೇಕು. ಅನೇಕ ವಿಮೆಗಳಲ್ಲಿ ಅದು ಇರುವುದಿಲ್ಲ.

ಉಡುಪು, ಊಟ, ಕೋಣೆ

ಹತ್ತಿ ಬಟ್ಟೆ ನಮ್ಮ ಹವೆಗೆ ಉತ್ತಮ, ಹಿಮಕ್ಕಲ್ಲ. ಬೆವರನ್ನು ಹೀರಿ ಒದ್ದೆಯಾಗಿಯೇ ಉಳಿದು ಮೈಯ ಬಿಸಿಯನ್ನು ಕದಿಯುತ್ತದೆ. ಒಳಗೆ ಮೈಗಂಟುವ ತೆಳು ಉಣ್ಣೆಯ ಅಂಗಿ, ಅದರ ಮೇಲೆ ಸ್ವೆಟರು, ಹೊರಗೆ ಗಾಳಿ-ನೀರು ತಡೆಯುವ ಕೋಟು, ಹೀಗೆ ಮೂರು ಪದರ ಬೇಕು. ದಪ್ಪ ಕೋಟು, ಬೂಟುಗಳನ್ನು ಕೊಳ್ಳದೆ ಬಾಡಿಗೆಗೆ ಪಡೆಯುವುದೇ ಮಿತವ್ಯಯ; ಒಳ ಉಡುಪು, ಕೈಗವಸು, ಟೊಪ್ಪಿಗೆಗಳನ್ನು ಮಾತ್ರ ಮನೆಯಿಂದಲೇ ಒಯ್ಯಿರಿ. ಹೊಸ ಹಿಮವು ಸೂರ್ಯನ ನೇರಳಾತೀತ ಕಿರಣಗಳಲ್ಲಿ ಶೇಕಡಾ 80ರವರೆಗೂ ಪ್ರತಿಫಲಿಸಬಲ್ಲದು. ಕಪ್ಪು ಕನ್ನಡಕವಿಲ್ಲದಿದ್ದರೆ ಒಂದೇ ದಿನದಲ್ಲಿ ಕಣ್ಣು ಕೆಂಪಾಗಿ ಉರಿಯತೊಡಗುತ್ತದೆ. ಚಿಕ್ಕ ಮಕ್ಕಳಿಗೂ ಕನ್ನಡಕ ಬೇಕು.

ಊಟದ ಚಿಂತೆ ನಮ್ಮವರಿಗೆ ಬೇಡ. ಯಾತ್ರೆಯ ದಾರಿಯಾದ್ದರಿಂದ ಸಸ್ಯಾಹಾರ ಎಲ್ಲೆಡೆ ದೊರೆಯುತ್ತದೆ. ಗಢವಾಲದ ಅಡುಗೆಮನೆ ನಮಗೆ ಪರಕೀಯವೂ ಅಲ್ಲ. ಅವರು ‘ಮಂಡುವಾ’ ಎನ್ನುವುದು ನಮ್ಮ ರಾಗಿ. ‘ಝಂಗೋರಾ’ ಎಂದರೆ ಊದಲು. ‘ಗಹತ್’ ಎಂದರೆ ಹುರುಳಿ. ರಾಗಿಯ ಬಿಸಿ ರೊಟ್ಟಿಗೆ ತುಪ್ಪ ಸವರಿ, ಹುರುಳಿಯ ಕಟ್ಟಿನಂಥ ಬೇಳೆಯೊಡನೆ ಬಡಿಸಿದರೆ ಸಾವಿರಾರು ಮೈಲಿ ದಾಟಿ ನಮ್ಮೂರಿಗೇ ಬಂದಂತಾಗುತ್ತದೆ. ಹೋಟೆಲಿನವರಿಗೆ ಹಿಂದಿನ ದಿನವೇ ಹೇಳಿದರೆ ಮಾಡಿಕೊಡುವವರು ಸಿಗುತ್ತಾರೆ.

ಕೋಣೆಯ ವಿಷಯದಲ್ಲಿ ಒಂದು ಎಚ್ಚರಿಕೆ ಜೀವದ ಮಾತು. ಚಳಿ ತಾಳಲಾರದೆ ಇದ್ದಿಲಿನ ಅಗ್ಗಿಷ್ಟಿಕೆಯನ್ನು ಕೋಣೆಯೊಳಗಿಟ್ಟು, ಬಾಗಿಲು-ಕಿಟಕಿ ಮುಚ್ಚಿ ಮಲಗಬಾರದು. ಅದರಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲೇ ಪ್ರಾಣ ಹೋಗುತ್ತದೆ. ಬಿಸಿನೀರಿನ ರಬ್ಬರ್ ಚೀಲ ಮತ್ತು ಇನ್ನೊಂದು ಕಂಬಳಿ ಕೇಳಿ ಪಡೆಯಿರಿ.

ಬಿರುಕು ಬಿಟ್ಟ ಊರಿನ ಅತಿಥಿಗಳು

ಕೊನೆಯದಾಗಿ, ಔಲಿಗೆ ಹೋಗುವವರು ಜೋಶೀಮಠದ ಸಂಕಟವನ್ನು ಅರಿತು ಹೋಗಬೇಕು. ಈ ಪಟ್ಟಣ ನಿಂತಿರುವುದು ಗಟ್ಟಿ ಬಂಡೆಯ ಮೇಲಲ್ಲ, ಹಿಂದೆಂದೋ ಕುಸಿದು ಬಂದ ಮಣ್ಣು-ಕಲ್ಲುಗಳ ರಾಶಿಯ ಮೇಲೆ. 1976ರಷ್ಟು ಹಿಂದೆಯೇ ಮಿಶ್ರಾ ಸಮಿತಿ ಇದನ್ನು ಸ್ಪಷ್ಟವಾಗಿ ಹೇಳಿ, ಭಾರಿ ಕಟ್ಟಡ ಕೂಡದು, ಮರ ಕಡಿಯಕೂಡದು ಎಂದು ಎಚ್ಚರಿಸಿತ್ತು. ಆದರೂ ಕಟ್ಟಡಗಳೇಳುತ್ತಲೇ ಹೋದವು. 2023ರ ಜನವರಿಯಲ್ಲಿ ಎಂಟುನೂರಕ್ಕೂ ಹೆಚ್ಚು ಕಟ್ಟಡಗಳಲ್ಲಿ ಬಿರುಕು ಕಾಣಿಸಿಕೊಂಡು, ನೂರಾರು ಸಂಸಾರಗಳು ಕೊರೆಯುವ ಚಳಿಯಲ್ಲಿ ಮನೆ ತೊರೆಯಬೇಕಾಯಿತು. ತಲೆಮಾರುಗಳಿಂದ ಬಾಳಿದ ಮನೆಯ ಗೋಡೆಗೆ ಅಪಾಯದ ಕೆಂಪು ಗುರುತು ಬಿದ್ದಾಗ ಆ ಗೃಹಿಣಿಯರಿಗೆ ಹೇಗಾಗಿರಬೇಕೆಂಬುದನ್ನು ನಮ್ಮ ಮನೆಯ ಹೊಸ್ತಿಲಲ್ಲಿ ನಿಂತು ಯೋಚಿಸಬೇಕು.

ಹಾಗಾದರೆ ಹೋಗುವುದೇ ತಪ್ಪಲ್ಲವೇ ಎಂದು ಕೇಳಬಹುದು. ಅಲ್ಲಿನ ಜೀಪು ಚಾಲಕರು, ಸ್ಕೀ ಶಿಕ್ಷಕರು, ಚಹಾ ಅಂಗಡಿಯವರು ವರ್ಷದ ಗಳಿಕೆಯ ದೊಡ್ಡ ಪಾಲನ್ನು ಪಡೆಯುವುದು ಪ್ರವಾಸಿಗರಿಂದಲೇ. ಯಾರೂ ಹೋಗದಿದ್ದರೆ ನೆಲದ ಬಿರುಕು ಮುಚ್ಚುವುದಿಲ್ಲ, ಅವರ ಒಲೆ ಮಾತ್ರ ಆರುತ್ತದೆ. ಆದರೆ ಹೇಗೆ ಹೋಗುತ್ತೇವೆ ಎಂಬುದು ನಮ್ಮ ಕೈಯಲ್ಲಿದೆ. 2019ರ ಜೂನ್‌ನಲ್ಲಿ ಔಲಿಯಲ್ಲಿ ನಡೆದ ಅದ್ದೂರಿ ಮದುವೆಯೊಂದು ಬುಗ್ಯಾಲಿನ ಮೇಲೆ ರಾಶಿ ರಾಶಿ ಕಸ ಬಿಟ್ಟುಹೋಗಿ, ವಿಷಯ ಹೈಕೋರ್ಟಿನ ಮೆಟ್ಟಿಲೇರಿತು. ಹಿಮದ ಕೆಳಗೆ ಬದುಕಿರುವ ಹುಲ್ಲು ಅಲ್ಲಿನ ದನ-ಕುರಿಗಳ ಮೇವು, ಮಣ್ಣನ್ನು ಹಿಡಿದಿರುವ ಬೇರು. ನಾವು ಒಯ್ದ ಪ್ಲಾಸ್ಟಿಕ್ಕನ್ನು ಮರಳಿ ಕೆಳಗೆ ತರುವುದು, ನೀರನ್ನು ಹಿತಮಿತವಾಗಿ ಬಳಸುವುದು, ಬಹು ಅಂತಸ್ತಿನ ಕಟ್ಟಡದ ಬದಲು ಸ್ಥಳೀಯರ ಸಣ್ಣ ವಸತಿಯಲ್ಲಿ ತಂಗುವುದು, ದುಡಿದವನ ಕೂಲಿಯಲ್ಲಿ ಚೌಕಾಸಿ ಮಾಡದಿರುವುದು ಅತಿಥಿಗಳಾದ ನಮ್ಮ ಕರ್ತವ್ಯ. ಕಾಯಕಕ್ಕೆ ತಲೆಬಾಗುವ ಮನೆತನದ ಮಕ್ಕಳಿಗೆ ಇದನ್ನು ಬೇರೆಯಾಗಿ ಕಲಿಸಬೇಕಾಗಿಲ್ಲ. ತಂದೆತಾಯಿಗಳು ಮಾಡಿ ತೋರಿಸಿದರೆ ಸಾಕು.

ಇಷ್ಟೆಲ್ಲ ಸಿದ್ಧತೆಗೆ ಆರು ತಿಂಗಳಾದರೂ ಬೇಕು. ಶ್ರಾವಣದಲ್ಲಿ ಮನೆಯವರೆಲ್ಲ ಒಟ್ಟಿಗೆ ಕುಳಿತು ಮಾತಾಡಿ. ಹಿರಿಯರ ಆರೋಗ್ಯ, ಮಕ್ಕಳ ಪರೀಕ್ಷೆ, ಕೈಯಲ್ಲಿರುವ ಹಣ ಮೂರನ್ನೂ ತೂಗಿ ನೋಡಿ. ದಸರೆಯೊಳಗೆ ದಿನ ಗೊತ್ತುಮಾಡಿ, ರೈಲಿನ ಮುಂಗಡ ಕಾಯ್ದಿರಿಸುವಿಕೆ ತೆರೆದೊಡನೆ ಚೀಟಿ ಪಡೆಯಿರಿ. ಪ್ರತಿದಿನ ಸಂಜೆ ಮಕ್ಕಳಿಗೆ ಅರ್ಧ ತಾಸು ಬೈಠಕ್ಕು, ಮೆಟ್ಟಿಲು ಹತ್ತುವ ಅಭ್ಯಾಸ ಮಾಡಿಸಿ. ಸ್ಕೀ ಆಡುವವರಿಗೆ ತೊಡೆಯ ಬಲವೇ ಆಧಾರ. ಹೊರಡುವ ಹಿಂದಿನ ವಾರ ಹವಾಮಾನ ಇಲಾಖೆಯ ಮುನ್ಸೂಚನೆಯನ್ನೂ ಹೆದ್ದಾರಿಯ ಸ್ಥಿತಿಯನ್ನೂ ವಿಚಾರಿಸಿ. ಎಚ್ಚರಿಕೆ ಕೊಟ್ಟಿದ್ದರೆ ಪ್ರಯಾಣ ಮುಂದೂಡುವ ಧೈರ್ಯವಿರಲಿ. ಕಟ್ಟಿದ ಹಣದಲ್ಲಿ ಸ್ವಲ್ಪ ಹೋದರೂ ಮನೆಮಂದಿ ಸುಖವಾಗಿದ್ದರೆ ಮುಂದಿನ ಚಳಿಗಾಲಕ್ಕೆ ಬೆಟ್ಟಗಳು ಅಲ್ಲಿಯೇ ಇರುತ್ತವೆ.